ಮಳೆ ತೊಳೆದ ಹಿತ್ತಲಿಗೆ ಮೊದಲು ಸುಣ್ಣ, ಆಮೇಲೆ ಗೊಬ್ಬರ

ಕೊಡಗಿನ ಹಿತ್ತಲುಗಳಲ್ಲಿ ಸೊಪ್ಪು, ಸಗಣಿ, ತರಗೆಲೆಗೆ ಕೊರತೆ ಇಲ್ಲ. ಆದರೂ ಬೀನ್ಸ್ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಡುತ್ತದೆ. ನಮ್ಮ ಹಿತ್ತಲಲ್ಲೂ ಹಾಗೇ ಆಗುತ್ತಿತ್ತು. ಎರಡು ವರ್ಷ ಬುಟ್ಟಿಗಟ್ಟಲೆ ಗೊಬ್ಬರ ಸುರಿದೆ. ಟೊಮೆಟೊ ಕಾಯಿಗಳ ತಳ ಕಪ್ಪಾಗಿ, ತೊಗಲಿನಂತೆ ಗಟ್ಟಿಯಾಗಿ ಉದುರುತ್ತಲೇ ಇದ್ದವು. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ತೊಂದರೆ ಗೊಬ್ಬರದ್ದಲ್ಲ, ಹುಳಿಯದ್ದು.

ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಷ್ಟು ನೀರು ಇಳಿಯುವಾಗ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಲ್ಲಿ ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ನೀವು ಹಾಕಿದ್ದು ಅಲ್ಲೇ ಇರುತ್ತದೆ, ಬೇರಿಗೆ ಮಾತ್ರ ಸಿಗುವುದಿಲ್ಲ.

ಹಾಗಾಗಿ ಮೊದಲು ಪರೀಕ್ಷೆ. ಹಿತ್ತಲಿನ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಒಂದು ಗೇಣು ಆಳಕ್ಕೆ ಗುಂಡಿ ತೆಗೆಯಿರಿ. ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೂ ತೆಳ್ಳಗೆ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತೆಗೆದುಕೊಂಡು ಹೋದರೆ ಸಾಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವರದಿಯಲ್ಲಿ ಪಿಎಚ್ ಅಂದರೆ ಹುಳಿಯ ಅಳತೆ, ಅದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ತರಕಾರಿಗೆ ಪಿಎಚ್ 6ರಿಂದ 6.8ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆ ಇದ್ದರೆ ಹುಳಿ ತಗ್ಗಿಸಲು ಸುಣ್ಣ ಬೇಕು. ಕುಶಾಲನಗರದ ಕಡೆ ಮಳೆ ಕಡಿಮೆ. ಅಲ್ಲಿಯವರು ಮಡಿಕೇರಿಯವರನ್ನು ನೋಡಿ ಸುಮ್ನೆ ಸುಣ್ಣ ಹಾಕಬೇಡಿ.

ಸುಣ್ಣ ಅಂದರೆ ಎಲೆ ಅಡಿಕೆಗೆ ಹಚ್ಚುವ ಸುಣ್ಣ ಅಲ್ಲ, ಅದು ಬೇರು ಸುಡುತ್ತದೆ. ತೋಟಕ್ಕೆ ತರುವ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಬೇಕು. ಡೋಲೊಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಇರುವುದರಿಂದ ನನಗೆ ಅದೇ ಇಷ್ಟ. ವರದಿಯಲ್ಲಿ ಎಕರೆ ಲೆಕ್ಕ ಇರುತ್ತದೆ. ಎಕರೆಗೆ 1 ಟನ್ ಎಂದಿದ್ದರೆ, ಒಂದು ಚದರ ಮೀಟರ್ ಪಾತಿಗೆ ಸುಮಾರು 250 ಗ್ರಾಂ. ಸೆಪ್ಟೆಂಬರ್‌ನಲ್ಲಿ ಜೋರು ಮಳೆ ನಿಂತು ಮಣ್ಣು ಇನ್ನೂ ಹಸಿಯಾಗಿರುವಾಗ ಹರಡಿ, ಒಂದು ಗೇಣು ಆಳಕ್ಕೆ ಬೆರೆಸಿ. ಸಗಣಿ ಗೊಬ್ಬರವನ್ನು ಅದೇ ದಿನ ಹಾಕಬೇಡಿ. ಸುಣ್ಣ ತಗುಲಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂರು ವಾರ ಕಾಯಿರಿ.

ಗೊಬ್ಬರದ ಗುಡ್ಡೆ ಕಾಫಿ ಕೊಯ್ಲು ಮುಗಿದ ಕೂಡಲೇ, ಫೆಬ್ರುವರಿ ಹೊತ್ತಿಗೆ ಶುರುವಾಗಬೇಕು. ಇಲ್ಲಿ ಒಂದು ತಪ್ಪು ತುಂಬಾ ಮನೆಗಳಲ್ಲಿ ಆಗುತ್ತದೆ. ಒಣ ಕಾಫಿ ಸಿಪ್ಪೆಯನ್ನು ನೇರವಾಗಿ ಪಾತಿಗೆ ಬೆರೆಸುತ್ತಾರೆ. ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಸಿದು ಬಿಳಿಚಿಕೊಳ್ಳುತ್ತದೆ. ಸಿಪ್ಪೆ ಒಂದು ಪದರ, ಅದರ ಮೇಲೆ ಹಾಲುವಾಣ ಅಥವಾ ಗ್ಲಿರಿಸಿಡಿಯಾದ ಹಸಿ ಸೊಪ್ಪು, ಮೇಲೆ ಸಗಣಿ ನೀರು. ಹೀಗೆ ಎದೆಯೆತ್ತರ ಪೇರಿಸಿ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಸ್ವಲ್ಪವೇ ಹಾಕಿ. ಒಂದು ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ಇಳಿಯಬಾರದು. ತಿಂಗಳಿಗೊಮ್ಮೆ ಮಗುಚಿ. ಜೂನ್‌ಗೆ ಮೊದಲು ಮೇಲೊಂದು ಶೀಟ್ ಹೊದಿಸಲೇಬೇಕು, ಇಲ್ಲದಿದ್ದರೆ ಸತ್ವವೆಲ್ಲ ಮಳೆ ನೀರಿನಲ್ಲಿ ಹೋಗುತ್ತದೆ. ಸೆಪ್ಟೆಂಬರ್‌ಗೆ ಅದು ಕಪ್ಪಗೆ, ಉದುರುದುರಾಗಿ, ಕಾಡಿನ ಮಣ್ಣಿನ ವಾಸನೆ ಬರುವಂತೆ ಆಗಿರುತ್ತದೆ.

ಅಕ್ಟೋಬರ್‌ನಲ್ಲಿ ಪಾತಿಯನ್ನು ಒಂದು ಗೇಣು ಎತ್ತರಿಸಿ, ಚದರ ಮೀಟರ್‌ಗೆ ಎರಡು ಮೂರು ಕಿಲೋ ಈ ಗೊಬ್ಬರ ಬೆರೆಸಿ ನಾಟಿ ಮಾಡಿ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಅದೂ ಸುಣ್ಣದ ಗುಣದ್ದೇ. ಪಾತಿಗೆ ಒಂದೆರಡು ಹಿಡಿ ಸಾಕು.

ಏಪ್ರಿಲ್ ಮಳೆ ಬಿದ್ದಾಗ ಖಾಲಿ ಪಾತಿಗೆ ಅಲಸಂದೆ ಅಥವಾ ಸೆಣಬು ಬಿತ್ತಿ. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಅಲ್ಲೇ ಮಲಗಿಸಿ. ಬೇರು ಕೀಳಬೇಡಿ. ಅದರ ಮೇಲೆ ಒಂದು ಗೇಣು ತರಗೆಲೆ ಹರಡಿಬಿಟ್ಟರೆ ಮಳೆಗಾಲದ ಹೊಡೆತ ನೇರವಾಗಿ ಮಣ್ಣಿಗೆ ಬೀಳುವುದಿಲ್ಲ. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಆ ಎಲೆ ಸರಿಸಿ ನೋಡಿ. ಅಡಿಯಲ್ಲಿ ಎರೆಹುಳು ಹಿಕ್ಕೆಯ ಸಣ್ಣ ಸಣ್ಣ ಗುಪ್ಪೆಗಳು ಕಂಡರೆ, ಆ ವರ್ಷ ಅಗೆತ ಅರ್ಧ ಕಡಿಮೆ.