ದೂರದ ಇಂಟರ್ನ್‌ಶಿಪ್: ಬರೀ 'ಹಾಯ್ ಸರ್' ಸಾಲದು

ರಾತ್ರಿ 9.30ಕ್ಕೆ ಒಂದು ಮೆಸೇಜು: 'ಹಾಯ್ ಸರ್.' ನಾನು 'ಹೇಳಿ' ಅಂದೆ. ಉತ್ತರವಿಲ್ಲ. ಬೆಳಿಗ್ಗೆ ಎದ್ದರೆ 'ಗುಡ್ ಮಾರ್ನಿಂಗ್ ಸರ್'. ಶಿವಮೊಗ್ಗದ ಮನೆಯಲ್ಲೇ ಕೂತು ನನ್ನ ಕೈಕೆಳಗೆ ಇಂಟರ್ನ್‌ಶಿಪ್ ಮಾಡುತ್ತಿದ್ದ ಆ ಹುಡುಗನಿಗೆ ಲಾಗಿನ್ನೇ ಆಗುತ್ತಿಲ್ಲ ಎಂದು ತಿಳಿಯುವಷ್ಟರಲ್ಲಿ 3 ದಿನ ಕಳೆದಿತ್ತು. ತಪ್ಪು ಅವನದೊಂದೇ ಅಲ್ಲ. ಆಫೀಸಿನಲ್ಲಾದರೆ ಅವನ ಮುಖ ನೋಡಿಯೇ ಕೇಳುತ್ತಿದ್ದೆ, ಇಲ್ಲಿ ಕೇಳಲಿಲ್ಲ.

ಹಾಗಾಗಿ ಮೊದಲ ದಿನವೇ ಮಾತಾಡಿಕೊಳ್ಳಿ. ವಾರಕ್ಕೆ ಎಷ್ಟು ಸಲ ಕಾಲ್? ಡೌಟ್ ಬಂದರೆ ವಾಟ್ಸ್ಯಾಪಾ, ಇಮೇಲಾ? ಉತ್ತರ ಬಾರದಿದ್ದರೆ ಎಷ್ಟು ಹೊತ್ತಿಗೆ ನೆನಪಿಸಬಹುದು? 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ (ಹೊಸಬರು ಮಾರ್ಗದರ್ಶಕರ ಜೊತೆ ಸಾಫ್ಟ್‌ವೇರ್ ಬರೆಯುವ ಗೂಗಲ್ ಕಾರ್ಯಕ್ರಮ) ಎಲ್ಲವೂ ಆನ್‌ಲೈನ್. ಅಲ್ಲಿ ಕೋಡ್ ಬರೆಯುವ ಮುಂಚೆ ಬರೀ ಪರಿಚಯ, ಒಡನಾಟಕ್ಕೆಂದೇ ಕೆಲವು ವಾರ ಮೀಸಲು.

ಇನ್ನು ಪ್ರಶ್ನೆ ಕೇಳುವ ರೀತಿ. ಎಡವುವುದು ಇಲ್ಲೇ ಜಾಸ್ತಿ. ಬೇಸಿಗೆಯಲ್ಲಿ ನಮಗೆ ರಾತ್ರಿ 9 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8.30. ಕೆಲಸ ಹೇಳಿಕೊಡುವ ಮೆಂಟರ್ ಅಲ್ಲಿದ್ದು ನೀವು ಸುಮ್ನೆ 'ಹಾಯ್' ಕಳಿಸಿ ಮಲಗಿದರೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಹೀಗೆ ಬರೆಯಿರಿ:

'ಸರ್, ಲಾಗಿನ್ ಆಗುತ್ತಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಬೇರೆ ಬ್ರೌಸರ್‌ನಲ್ಲೂ ನೋಡಿದೆ. ಎರರ್‌ನ ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಅಷ್ಟರಲ್ಲಿ ನೀವು ಕೊಟ್ಟ ಫೈಲ್ ಓದುತ್ತಿರುತ್ತೇನೆ.'

ಏನಾಗಿದೆ, ಏನು ಮಾಡಿ ನೋಡಿದೆ, ಈಗೇನು ಮಾಡುತ್ತಿದ್ದೇನೆ, ಎಲ್ಲವೂ ಬಂತು. ನೀವು ಮಲಗಿದ್ದಾಗಲೂ ಅವರು ಉತ್ತರ ಬರೆದಿಡಬಹುದು. ಒಂದು ಗಂಟೆ ನೀವೇ ಒದ್ದಾಡಿ, ಆಮೇಲೆ ಕೇಳಿ. ದಿನಗಟ್ಟಲೆ ಒದ್ದಾಡಿದರೆ ಅದು ಶ್ರದ್ಧೆಯಲ್ಲ, ಸಂಕೋಚ. 'ಸರ್ ಬೇಡ, ಹೆಸರು ಹಿಡಿದೇ ಕರೀರಿ' ಅಂದರೂ ನಮ್ಮ ಹುಡುಗರ ಬಾಯಿಂದ 'ಸರ್' ಹೋಗುವುದಿಲ್ಲ. ಇರಲಿ ಬಿಡಿ, ಡೌಟ್ ಕೇಳಿದರೆ ಸಾಕು.

ಮೆಂಟರ್‌ಗಳಿಗೂ ಒಂದು ಮಾತು. ಮೆಸೇಜಿಗೆ ನೀಲಿ ಟಿಕ್ ಬಿದ್ದು ಉತ್ತರ ಬಾರದಿದ್ದರೆ ಆ ಕಡೆಯವರಿಗೆ ಜೀವ ಹಿಡಿಯಾಗುತ್ತದೆ. 'ಮೀಟಿಂಗ್‌ನಲ್ಲಿದ್ದೇನೆ, ಸಂಜೆ ನೋಡ್ತೀನಿ' ಅಂತ ಒಂದು ಸಾಲು ಹಾಕಿ. ತಪ್ಪು ತಿದ್ದುವುದಿದ್ದರೆ ಗ್ರೂಪಿನಲ್ಲಿ ಬೇಡ, ಫೋನ್ ಮಾಡಿ. ಕ್ಯಾಮೆರಾ ಆನ್ ಮಾಡಲೇಬೇಕೆಂದು ಹಟ ಹಿಡಿಯಬೇಡಿ. ಹಿಂದೆ ಕುಕ್ಕರ್ ಕೂಗುವ ಒಂದೇ ಕೋಣೆಯ ಮನೆಯೂ ಇರುತ್ತದೆ ಅಲ್ವಾ?

ಕೊನೆಗೆ ಇಂಟರ್ನ್‌ಗಳಿಗೆ: ಕಾಲೇಜಿಗೆ ಕೆಲಸದ ಡೈರಿ ಒಪ್ಪಿಸಬೇಕಿದ್ದರೆ ಪ್ರತಿ ಶುಕ್ರವಾರ ಆ ವಾರದ್ದನ್ನು ಮೆಂಟರ್‌ಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಕೊನೆಯ ವಾರ ಅವರು ರಜೆಯಲ್ಲಿರಬಹುದು.