ಮೀನಿನ ಹೊಂಡದ ಪಾಚಿಗೆ ಮೈಲುತುತ್ತ: ಅಳತೆ ತಪ್ಪಿದರೆ ಮೀನಿಗೇ ವಿಷ

ಮೈಲುತುತ್ತ (ತಾಮ್ರದ ಸಲ್ಫೇಟ್) ತರುವ ಮೊದಲು ನೀರಿನ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ನೋಡಿ. ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಆ ಯೋಚನೆಯನ್ನೇ ಬಿಡಿ. ಅಂಥ ನೀರಿನಲ್ಲಿ ತಾಮ್ರ ಕಿವಿರನ್ನು ಕೆಡಿಸಿ ಮೀನನ್ನು ಕೊಲ್ಲುತ್ತದೆ. ಹೆಚ್ಚಿದ್ದರೆ ಆ ಅಂಕಿಯನ್ನು 100ರಿಂದ ಭಾಗಿಸಿ: ಕ್ಷಾರತೆ 120 ಇದ್ದರೆ ಘನ ಮೀಟರ್ ನೀರಿಗೆ 1.2 ಗ್ರಾಂ ಮೈಲುತುತ್ತ. ಈ ಲೆಕ್ಕದಲ್ಲಿ ಹತ್ತು ಗುಂಟೆ, ಸರಾಸರಿ ಒಂದೂವರೆ ಮೀಟರ್ ಆಳದ ಹೊಂಡಕ್ಕೆ ಒಟ್ಟು ಸುಮಾರು 1.8 ಕೆಜಿ.

ಇದರ ಮೂರನೇ ಒಂದು ಪಾಲನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ (ಕಬ್ಬಿಣದ್ದು ಬೇಡ), ಬಿಸಿಲಿರುವ ಬೆಳಿಗ್ಗೆ ಹೊಂಡದ ಮೂರನೇ ಒಂದು ಭಾಗಕ್ಕಷ್ಟೇ ಚಿಮುಕಿಸಿ. ಮುಂದಿನ ಪಾಲು ಹತ್ತು ದಿನ ಬಿಟ್ಟು. ಪಾಚಿಯೆಲ್ಲ ಒಮ್ಮೆಗೇ ಸತ್ತರೆ ಕೊಳೆಯುತ್ತಾ ಆಮ್ಲಜನಕ ನುಂಗುತ್ತದೆ; ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೂಡಲೇ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಹಾಕಿ.

ಬಸವನಹುಳು, ಮೀನುಮರಿಗಳಿಗೆ ಆಹಾರವಾಗುವ ಸಣ್ಣ ಜೀವಿಗಳೂ ಸಾಯುತ್ತವೆ. ತಾಮ್ರ ಕೆಸರಿನಲ್ಲೇ ಉಳಿಯುತ್ತದೆ, ಹಾಗಾಗಿ ಪದೇಪದೇ ಹಾಕಬೇಡಿ.