ಗುಮ್ಮಟ ತೋರಿಸುತ್ತೇನೆಂದು ಕರೆತರಬೇಡಿ: ಮಗುವನ್ನು ಆಪ್ತಸಮಾಲೋಚಕರ ಬಳಿ ಕರೆದೊಯ್ಯುವ ಬಗೆ

ವಿಜಯಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು ನಾನು. ಪಾಲಕರ ಜೊತೆ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಬೆಂಚಿನ ಮೇಲೆ ಕಳೆದ ದಿನಗಳಿಗೆ ಲೆಕ್ಕವಿಲ್ಲ. ಒಳಗಿನ ಕೋಣೆಯಲ್ಲಿ ಆಪ್ತಸಮಾಲೋಚಕರು ಮುಕ್ಕಾಲು ತಾಸು ಕಷ್ಟಪಟ್ಟು ಕಟ್ಟಿದ್ದನ್ನು ನಾವು ಬಸ್ ನಿಲ್ದಾಣ ಮುಟ್ಟುವುದರೊಳಗೆ ಕೆಡವಿಬಿಡುತ್ತೇವೆ. ಎಷ್ಟೋ ಸಲ ಆ ಕೋಣೆಯ ಬಾಗಿಲು ತೆರೆಯುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಹೋಗಬೇಕೇ ಎಂದು ನಿರ್ಧರಿಸುವುದು

ಮಕ್ಕಳೆಂದ ಮೇಲೆ ಹಟ, ಅಳು, ಮುನಿಸು ಇದ್ದದ್ದೇ. ನಾನು ನೋಡುವುದು ಊಟ, ನಿದ್ರೆ, ಆಟ, ಶಾಲೆ. ಇವುಗಳಲ್ಲಿ ಯಾವುದಾದರೂ ಎರಡು, ಹದಿನೈದು ದಿನಕ್ಕೂ ಹೆಚ್ಚು ಕಾಲ ಹದಗೆಟ್ಟಿದ್ದರೆ ಹೋಗಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಶಾಲೆಯ ದಿನ ಬೆಳಿಗ್ಗೆ ಬರುವ ಹೊಟ್ಟೆನೋವು ಭಾನುವಾರ ಬರದಿದ್ದರೆ, ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದ ಅಪ್ಪ–ಅವ್ವ ಫೋನ್ ಮಾಡಿದಾಗ ಅಜ್ಜಿಯ ಮನೆಯಲ್ಲಿರುವ ಮಗು ಮಾತನಾಡದೆ ಎದ್ದುಹೋಗುತ್ತಿದ್ದರೆ ಕೂಡ ಹೋಗಿ. ಅಮಾವಾಸ್ಯೆ ಕಳೆಯಲಿ, ಕಬ್ಬಿನ ಕಟಾವು ಮುಗಿಯಲಿ, ಪರೀಕ್ಷೆ ಆಗಲಿ ಎಂದು ಮುಂದೂಡಬೇಡಿ.

ಮಗು ಸಾಯುವ ಮಾತನಾಡಿದರೆ ಅಥವಾ ಮೈಮೇಲೆ ಗಾಯ ಮಾಡಿಕೊಂಡಿದ್ದರೆ ಹದಿನೈದು ದಿನದ ಲೆಕ್ಕ ಬಿಟ್ಟುಬಿಡಿ. ಅಂದೇ ಆಸ್ಪತ್ರೆಗೆ ಹೋಗಿ. ‘ಸಾಯಬೇಕು ಎನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತಾಗುತ್ತದೆ ಎಂದು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳುವವರೊಬ್ಬರು ಸಿಕ್ಕರೆಂದು ಮಗುವಿನ ಎದೆಯ ಭಾರ ಇಳಿಯುತ್ತದೆ. ಒಕ್ಕಲುತನದ ಮನೆಯಾದರೆ ಇನ್ನೊಂದು ಕೆಲಸವಿದೆ. ದ್ರಾಕ್ಷಿಗೋ ತೊಗರಿಗೋ ಹೊಡೆದು ಉಳಿದ ಕ್ರಿಮಿನಾಶಕದ ಡಬ್ಬಿ ಗೋಡೆಯ ಮಾಡದಲ್ಲೋ ಮಂಚದ ಕೆಳಗೋ ಇರುತ್ತದೆ. ಅದನ್ನು ಆ ದಿನವೇ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮಗುವನ್ನು ಒಂಟಿಯಾಗಿ ಬಿಡಬೇಡಿ.

2. ಕಣ್ಣು, ಕಿವಿ ತೋರಿಸುವುದು

ಇದು ಅರ್ಧ ದಿನದ ಕೆಲಸ, ಮೊದಲು ಮುಗಿಸಿ. ‘ಲಕ್ಷ್ಯವೇ ಇಲ್ಲ’ ಎಂದು ಒಂದು ವರ್ಷ ಬೈಸಿಕೊಂಡ ಹುಡುಗಿಗೆ ಕೊನೆಗೆ ಬೇಕಾಗಿದ್ದದ್ದು ಕನ್ನಡಕ.

3. ಯಾರ ಬಳಿ ಹೋಗುವುದು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಮಾಡುವವರು, ಔಷಧ ಬರೆಯುವುದಿಲ್ಲ; ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಅವರ ನೋಂದಣಿ ಇರಬೇಕು, ಸಂಖ್ಯೆ ಕೇಳಿದರೆ ತಪ್ಪಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ, ಶಾಲೆ, ಸಂಸಾರವನ್ನು ಸೇರಿಸಿ ನೋಡುವವರು. ಮಗು ಮತ್ತು ಮನೆಯವರೊಡನೆ ಕುಳಿತು ಮಾತನಾಡುವವರೆಲ್ಲರನ್ನೂ ನಾವು ಆಪ್ತಸಮಾಲೋಚಕರು ಎಂದೇ ಕರೆಯುತ್ತೇವೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿಸಿಕೊಂಡು ಹೊರಡಿ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಇನ್ನೂ ದೊಡ್ಡ ತೊಂದರೆಯಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಎಲ್ಲಿಗೂ ಹೊರಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ದುಡ್ಡು ಎಲ್ಲಿ ಕಳೆಯಬಾರದೆಂಬುದನ್ನೂ ಹೇಳುತ್ತೇನೆ. ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಸ್ವಭಾವ ಹೇಳುತ್ತೇವೆ ಎನ್ನುವವರಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್’ ಶಿಬಿರಗಳಿವೆ. ಇವೆರಡಕ್ಕೂ ವಿಜ್ಞಾನದ ಆಧಾರವಿಲ್ಲ. ನೆನಪಿನ ಶಕ್ತಿಯ ಸಿರಪ್‌ನಿಂದ ಹೆದರಿದ ಮಗುವಿನ ಹೆದರಿಕೆ ಹೋದದ್ದನ್ನು ನಾನು ಕಂಡಿಲ್ಲ. ವಾರದ ಆನ್‌ಲೈನ್ ತರಬೇತಿ ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ‘ಎಲ್ಲಿ ಓದಿದಿರಿ, ಮಕ್ಕಳ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ’ ಎಂದು ಕೇಳಿ. ನಿಜವಾಗಿ ಓದಿದವರು ಸಿಟ್ಟಾಗುವುದಿಲ್ಲ. ಮಠಕ್ಕೆ ಹೋಗಿ ಅಂಗಾರ ಹಚ್ಚಿಸಿಕೊಂಡು ಬಂದರೆ ಮನೆಯವರಿಗೆ ಸಮಾಧಾನವಾಗುವುದಾದರೆ ಹೋಗಿಬನ್ನಿ, ನನ್ನ ತಕರಾರಿಲ್ಲ. ಗಾಳಿ ಬಿಡಿಸುತ್ತೇವೆಂದು ಮಗುವನ್ನು ಹೊಡೆಯುವ, ಕಟ್ಟಿಹಾಕುವ ಜಾಗಕ್ಕೆ ಮಾತ್ರ ಕಾಲಿಡಬೇಡಿ.

4. ಮಗುವಿಗೆ ಹೇಳುವುದು

ಎಲ್ಲರೂ ಎಡವುವುದು ಇಲ್ಲಿ. ಡೋಣಿ ನದಿಯ ದಂಡೆಯ ಒಂದು ಹಳ್ಳಿಯ ಹುಡುಗ, ಎಂಟನೆಯ ತರಗತಿ. ಅಪ್ಪ ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ‘ಗುಮ್ಮಟ ತೋರಿಸುತ್ತೇವೆ ಎಂದು ಹೇಳಿ ಕರೆತನ್ನಿ, ಬಂದುಬಿಡುತ್ತಾನೆ’ ಎಂದು ಅವನ ಅವ್ವನಿಗೂ ಕಾಕಾನಿಗೂ ಹೇಳಿಕೊಟ್ಟವಳು ನಾನೇ. ಬಸ್ಸು ಊರು ಸಮೀಪಿಸಿದಾಗ ಗೋಳಗುಮ್ಮಟ ದೂರದಲ್ಲಿ ಕಾಣಿಸಿತು. ಹುಡುಗ ಕಿಟಕಿಯಿಂದ ಕೈಚಾಚಿ ‘ಅವ್ವಾ, ಅದೇ!’ ಎಂದ. ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಇಳಿದು ಆಟೋ ಹತ್ತಿದೆವು, ಆಟೋ ಆಸ್ಪತ್ರೆಯ ಗೇಟಿನೊಳಗೆ ತಿರುಗಿತು. ಅವನು ನಮ್ಮ ಮುಖವನ್ನು ಒಬ್ಬೊಬ್ಬರದಾಗಿ ನೋಡಿ ತಲೆ ತಗ್ಗಿಸಿದ. ಒಳಗೆ ಕುಳಿತಷ್ಟು ಹೊತ್ತೂ ಚಪ್ಪಲಿಯ ಪಟ್ಟಿಯ ರಬ್ಬರನ್ನು ಉಗುರಿನಿಂದ ಕೆರೆಯುತ್ತಿದ್ದನಂತೆ. ಮುಂದೆ ಇಟ್ಟ ಬಣ್ಣದ ಪೆನ್ಸಿಲ್ಲುಗಳನ್ನು ಮುಟ್ಟಲಿಲ್ಲ. ಮುಂದಿನ ಸಲ ಬಸ್ಸನ್ನೇ ಹತ್ತಲಿಲ್ಲ.

ಅವನಿಗೆ ಆಪ್ತಸಮಾಲೋಚಕರ ಮೇಲೆ ಸಿಟ್ಟಿರಲಿಲ್ಲ. ನಂಬಿದವರು ಸುಳ್ಳು ಹೇಳಿದರೆಂಬ ನೋವಿತ್ತು. ಆಪ್ತಸಮಾಲೋಚನೆ ನಿಂತಿರುವುದೇ ನಂಬಿಕೆಯ ಮೇಲೆ. ಮದುವೆಗೆ ಹೋಗೋಣ, ಐಸ್‌ಕ್ರೀಮ್ ಕೊಡಿಸುತ್ತೇನೆ, ಅತ್ತೆಯ ಮನೆಗೆ ಹೋಗೋಣ ಎಂದು ಕರೆತಂದರೆ ನಂಬಿಕೆ ಬಸ್ಸಿನಲ್ಲೇ ಮುರಿದುಬೀಳುತ್ತದೆ.

ಹಿಂದಿನ ದಿನ ಸಂಜೆ ಹೇಳಿ. ವಾರ ಮೊದಲೇ ಹೇಳಿದರೆ ಮಗು ವಾರವಿಡೀ ಹೆದರುತ್ತದೆ, ಹೊರಡುವ ಹೊತ್ತಿಗೆ ಹೇಳಿದರೆ ಹಿಡಿದುಕೊಂಡು ಹೋದಂತಾಗುತ್ತದೆ. ಬಿದ್ದು ಮೊಣಕಾಲು ಕೆತ್ತಿದಾಗ ಮಗು ಯಾರ ಬಳಿ ಓಡುತ್ತದೋ ಅವರು ಹೇಳಬೇಕು. ಅದು ಅವ್ವನೇ ಆಗಿರಬೇಕೆಂದಿಲ್ಲ, ಆಯಿ ಆಗಿರಬಹುದು, ಸೋದರಮಾವ ಆಗಿರಬಹುದು. ಬೇರೆಯವರ ಎದುರಿಗೆ ಬೇಡ. ಎದುರುಬದುರು ಕೂರಿಸಿಕೊಂಡೂ ಬೇಡ. ಅವರೆಕಾಯಿ ಸುಲಿಯುತ್ತಲೋ ದನಕ್ಕೆ ನೀರು ಕುಡಿಸುತ್ತಲೋ ಹೇಳಿದರೆ ಮಗುವಿಗೂ ಕೇಳುವುದು ಸುಲಭ.

ಸಣ್ಣ ಮಗುವಿಗೆ ಹೀಗೆ ಹೇಳಿ: ‘ನಿನಗೆ ರಾತ್ರಿ ಹೆದರಿಕೆಯಾಗುತ್ತದಲ್ಲ, ನಾಳೆ ಒಬ್ಬ ಅಕ್ಕನ ಹತ್ತಿರ ಹೋಗೋಣ. ಮಕ್ಕಳ ಮಾತು ಕೇಳುವುದೇ ಅವರ ಕೆಲಸ. ಚಿತ್ರ ಬಿಡಿಸಬಹುದು, ಆಟ ಆಡಬಹುದು. ನಾನು ಹೊರಗೆ ಬಾಗಿಲ ಹತ್ತಿರವೇ ಇರುತ್ತೇನೆ.’ ದೊಡ್ಡವರಿಗೆ ಇನ್ನೂ ನೇರವಾಗಿ: ‘ಒಂದು ತಿಂಗಳಿಂದ ನೀನು ಸರಿಯಾಗಿ ನಿದ್ದೆ ಮಾಡಿಲ್ಲ, ನನಗೆ ಚಿಂತೆಯಾಗಿದೆ. ಏನು ಮಾಡಬೇಕೆಂದು ನನಗೂ ತಿಳಿಯುತ್ತಿಲ್ಲ. ತಿಳಿದವರ ಹತ್ತಿರ ಇಬ್ಬರೂ ಹೋಗೋಣ.’ ‘ನಿನಗೆ ಬುದ್ಧಿ ಹೇಳಿಸುತ್ತೇನೆ’ ಎಂದು ಮಾತ್ರ ಹೇಳಬೇಡಿ. ಬುದ್ಧಿ ಹೇಳುವವರಿಗೆ ಊರಲ್ಲಿ ಕೊರತೆಯಿಲ್ಲ. ಆಪ್ತಸಮಾಲೋಚಕರ ಕೆಲಸ ಅದಲ್ಲ.

ಕೊನೆಗೆ ಒಂದು ಅಪ್ಪಣೆ ಕೊಡಬೇಕು: ‘ಅಲ್ಲಿ ಏನು ಬೇಕಾದರೂ ಹೇಳು, ನಮ್ಮ ಬಗ್ಗೆಯೂ ಹೇಳು.’ ಒಬ್ಬ ಹುಡುಗಿ ನನ್ನೆದುರೇ ಅವಳ ಅವ್ವನನ್ನು ಕೇಳಿದಳು, ‘ಅಪ್ಪ ಕುಡಿದು ಬಂದು ಮಾಡುವುದನ್ನು ಹೇಳಲೇ?’ ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ‘ಹೇಳು’ ಎಂದಳು. ಆ ಒಂದು ಮಾತಿಗೆ ಅವಳಿಗೆ ಎಷ್ಟು ಧೈರ್ಯ ಬೇಕಾಯಿತೆಂದು ನನಗೆ ಗೊತ್ತು. ಆ ಅಪ್ಪಣೆ ಸಿಗದ ಮಗು ಕೋಣೆಯೊಳಗೆ ‘ಏನಿಲ್ಲ, ಎಲ್ಲ ಆರಾಮ’ ಎಂದು ಹೇಳಿ ಹೊರಬರುತ್ತದೆ.

5. ಆಸ್ಪತ್ರೆಯಲ್ಲಿ

ಕ್ರೂಸರ್ ಮಾಡಿಕೊಂಡು ಹತ್ತು ಜನ ಬರಬೇಡಿ. ಅಪ್ಪ–ಅವ್ವ ಇಬ್ಬರೂ ಬಂದರೆ ಸಾಕು, ಅಪ್ಪ ಬರಲೇಬೇಕು. ಹದಿನೈದು ದಿನದ ನಿದ್ರೆ, ಊಟ, ಶಾಲೆಯ ಹಾಜರಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ, ಹಳೆಯ ಚೀಟಿಗಳಿದ್ದರೆ ಅವನ್ನೂ. ಮಗುವಿನೆದುರು ದೂರು ಓದಬೇಡಿ, ಹಾಳೆ ಕೊಟ್ಟುಬಿಡಿ. ಮಗುವಿನ ಜೊತೆ ಒಬ್ಬರೇ ಮಾತನಾಡಬೇಕೆಂದು ಅವರು ಹೇಳಿದಾಗ ಎದ್ದು ಹೊರಗೆ ಬನ್ನಿ.

ಮಗು ಒಳಗೆ ಹೇಳಿದ್ದನ್ನು ಅವರು ಗುಟ್ಟಾಗಿಡುತ್ತಾರೆ. ಆ ಗುಟ್ಟಿಗೂ ಒಂದು ಮಿತಿಯಿದೆ, ಅದು ಮೊದಲೇ ತಿಳಿದಿರಲಿ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಅವರು ನಿಮಗೆ ಹೇಳುತ್ತಾರೆ. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಾನ ಹೋಗುತ್ತದೆಂದು ಅವರನ್ನು ತಡೆಯಬೇಡಿ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ, ಮನೆಯಲ್ಲೇ ಪಡೆಯಬಹುದು. ಇಂಥದ್ದು ಮನೆಯಲ್ಲೇ ನಿಮ್ಮ ಕಿವಿಗೆ ಬಿದ್ದರೆ ಮಗುವನ್ನು ಮತ್ತೆ ಮತ್ತೆ ಕೆದಕಬೇಡಿ. ಅದು ಆಡಿದ ಮಾತನ್ನು ಆಡಿದಂತೆಯೇ ಬರೆದಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

6. ಮರಳುವ ಬಸ್ಸಿನಲ್ಲಿ

‘ಒಳಗೆ ಏನು ಹೇಳಿದೆ?’ ಎಂದು ಕೇಳಬೇಡಿ. ‘ನನ್ನ ಬಗ್ಗೆ ಹೇಳಿದೆಯಾ?’ ಎಂದಂತೂ ಬೇಡವೇ ಬೇಡ. ನಿಲ್ದಾಣದ ಬಳಿ ಗಿರಮಿಟ್ಟು, ಮಿರ್ಚಿ ತಿನ್ನಿಸಿ, ಕಿಟಕಿಯ ಸೀಟು ಕೊಡಿ. ಹೇಳಬೇಕೆನಿಸಿದರೆ ಮಗು ತಾನೇ ಹೇಳುತ್ತದೆ, ಬಹುಶಃ ನಾಲ್ಕು ದಿನ ಬಿಟ್ಟು, ನೀವು ರೊಟ್ಟಿ ಬಡಿಯುತ್ತಿರುವಾಗ.

7. ಮತ್ತೆ ಹೋಗುವುದು

ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಇದು. ಎರಡನೆಯ ಭೇಟಿಯ ಹೊತ್ತಿಗೆ ಮಗು ಸ್ವಲ್ಪ ನಕ್ಕಿತೆಂದು ಬಿಟ್ಟವರು ಆರು ತಿಂಗಳ ಮೇಲೆ ಮತ್ತೆ ಅದೇ ಬೆಂಚಿಗೆ ಬಂದದ್ದನ್ನು ನೋಡಿದ್ದೇನೆ. ಔಷಧ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ದಿನದ ಕೂಲಿ ಹೋಗುತ್ತದೆಂಬ ಕಷ್ಟ ನಿಜವಾದದ್ದು. ಅದನ್ನು ಆಪ್ತಸಮಾಲೋಚಕರಿಗೇ ಹೇಳಿ, ತಾಲ್ಲೂಕು ಆಸ್ಪತ್ರೆಯ ದಿನಕ್ಕೆ ಹೊಂದಿಸಲು, ನಡುವೆ ಫೋನಿನಲ್ಲಿ ಮಾತನಾಡಲು ದಾರಿಯಿದ್ದರೆ ತೋರಿಸುತ್ತಾರೆ.

ಮಗು ಬರುವುದಿಲ್ಲವೆಂದು ಹಟ ಹಿಡಿದರೆ ಎಳೆದುಕೊಂಡು ಹೋಗಬೇಡಿ, ನೀವು ಹೋಗಿ. ಮಗುವಿಲ್ಲದೆಯೂ ಅವರು ನಿಮ್ಮೊಡನೆ ಕೂರುತ್ತಾರೆ, ಮನೆಯಲ್ಲಿ ಏನು ಬದಲಾಗಬೇಕೆಂದು ನಿಮ್ಮ ಜೊತೆ ಯೋಚಿಸುತ್ತಾರೆ. ಆ ಎಂಟನೆಯ ತರಗತಿಯ ಹುಡುಗನ ಅವ್ವ ಒಬ್ಬಳೇ ಮೂರು ಸಲ ಹೋದಳು. ಪ್ರತಿ ಸಲ ಹೊರಡುವಾಗ ‘ಅದೇ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಸಂಜೆ ಐದರ ಬಸ್ಸಿಗೆ ಬರುತ್ತೇನೆ’ ಎಂದು ಹೇಳಿ ಹೋಗುತ್ತಿದ್ದಳು, ಐದರ ಬಸ್ಸಿಗೇ ಬರುತ್ತಿದ್ದಳು. ನಾಲ್ಕನೆಯ ಸಲ ಹುಡುಗ ತಾನಾಗಿ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದು ನಿಂತ. ಆ ದಿನವೂ ಅವರು ಗುಮ್ಮಟ ನೋಡಲಿಲ್ಲ. ಒಳಗಿನಿಂದ ಅವನು ಹೊರಬರುವಷ್ಟರಲ್ಲಿ ಐದರ ಬಸ್ಸಿಗೆ ಹೊತ್ತಾಗಿತ್ತು.